ಜಿಎಫ್‌ಒ ಮತ್ತು ರಿಯಾಕ್ಟರ್: ಹೊಸ ಉಪ್ಪುನೀರಿನ ಟ್ಯಾಂಕಿನ ಪಾಚಿಗೆ ಇದು ಬೇಕೇ?

ಹೊಸ ಉಪ್ಪುನೀರಿನ ಟ್ಯಾಂಕಿನಲ್ಲಿ ಪಾಚಿ ಕಾಣಿಸಿತೆಂದರೆ ಹಲವರು ಮೊದಲು ಕೊಳ್ಳುವುದು ಒಂದು ಡಬ್ಬಿ ಜಿಎಫ್‌ಒ (ಪಾಚಿಯ ಆಹಾರವಾದ ಫಾಸ್ಫೇಟನ್ನು ಹಿಡಿಯುವ ಹರಳು) ಮತ್ತು ಅದನ್ನು ತುಂಬಿ ನೀರು ಹಾಯಿಸಲು ಒಂದು ರಿಯಾಕ್ಟರ್ ಕೊಳವೆ. ಸರಕು ಒಳ್ಳೆಯದೇ. ನೀರಿನ ಫಾಸ್ಫೇಟ್ ಇಳಿಸುತ್ತೇನೆ ಎನ್ನುತ್ತದೆ, ಇಳಿಸುತ್ತದೆ. ತೊಂದರೆ ಬೇರೆಡೆ ಇದೆ: ಮೊದಲ ಆರು ತಿಂಗಳಲ್ಲಿ ಬರುವ ನಾಲ್ಕು ಮುಖ್ಯ ಬಗೆಯ ಪಾಚಿಗಳಲ್ಲಿ ಇದು ನೇರವಾಗಿ ಉಪಯೋಗಕ್ಕೆ ಬರುವುದು ಒಂದಕ್ಕೆ ಮಾತ್ರ. ಇನ್ನೊಂದು ಬಗೆಯಂತೂ ಫಾಸ್ಫೇಟ್ ಇಳಿದಷ್ಟೂ ಕೊಬ್ಬುತ್ತದೆ. ಆದ್ದರಿಂದ ಇದು ಯಾವಾಗ ಕೊಳ್ಳಬೇಕು, ಎಷ್ಟು ಹಾಕಬೇಕು, ಯಾವಾಗ ಮುಟ್ಟಲೇಬಾರದು ಎಂಬುದರ ವಿಮರ್ಶೆ.

ಜಿಎಫ್‌ಒ ಅಂದರೆ ಕಬ್ಬಿಣದ ಆಕ್ಸೈಡ್ ಮತ್ತು ಹೈಡ್ರಾಕ್ಸೈಡಿನ ಕಡು ಕಂದು ಹರಳುಗಳು. ಗಾತ್ರ ಸಾಮಾನ್ಯವಾಗಿ ಅರ್ಧ ಮಿ.ಮೀ.ನಿಂದ ಎರಡು ಮಿ.ಮೀ. ಹರಳಿನ ತುಂಬ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ನೀರು ಹಾದು ಹೋಗುವಾಗ ಫಾಸ್ಫೇಟ್ ಆ ಮೇಲ್ಮೈಗೆ ಅಂಟಿಕೊಂಡು ಉಳಿಯುತ್ತದೆ. ಸಿಲಿಕೇಟ್ ಕೂಡ ಅಷ್ಟಿಷ್ಟು ಅಂಟುತ್ತದೆ. ನೈಟ್ರೇಟ್‌ಗೂ ಇದಕ್ಕೂ ಸಂಬಂಧವಿಲ್ಲ. ಡಬ್ಬಿ ಹಾಕಿದ ಮೇಲೆ ನೈಟ್ರೇಟ್ ಇಳಿಯಲಿಲ್ಲ ಎಂದು ದೂರುವುದರಲ್ಲಿ ಅರ್ಥವಿಲ್ಲ. ಮಾರುಕಟ್ಟೆಯಲ್ಲಿ ಮೂರು ಬಗೆ ಸಿಗುತ್ತದೆ. ಫಾಸ್‌ಬ್ಯಾನ್‌ನಂಥ ಸಾಮಾನ್ಯ ಒಣ ಹರಳು ಮೆತ್ತಗಿರುತ್ತದೆ, ಜೋರಾಗಿ ಕುಣಿಸಿದರೆ ಪುಡಿಯಾಗುತ್ತದೆ. 'ಹೈ ಕೆಪಾಸಿಟಿ' ಎಂಬ ಹೆಸರಿನಲ್ಲಿ ಬರುವುದು ಗಟ್ಟಿ ಹರಳು. ಪುಡಿ ಕಡಿಮೆ, ಅದೇ ಅಳತೆಗೆ ಹಿಡಿಯುವ ಫಾಸ್ಫೇಟ್ ಹೆಚ್ಚು. ರೋವಾಫಾಸ್ ಒದ್ದೆಯಾಗಿಯೇ ಡಬ್ಬಿಯಲ್ಲಿ ಬರುತ್ತದೆ, ಬೇಗ ಕೆಲಸ ಶುರು ಮಾಡುತ್ತದೆ. ಹೊಸಬರಿಗೆ ಗಟ್ಟಿ ಹರಳೇ ಸಲೀಸು. ಹಿಡಿಯುವ ಶಕ್ತಿ ಹೆಚ್ಚಿರುವುದರಿಂದ ಅಳತೆ ಕಡಿಮೆ ಹಾಕಬೇಕು, ಅಷ್ಟೇ.

ಮೊದಲು ಪಾಚಿ ಯಾವುದೆಂದು ನೋಡಿ

ಟ್ಯಾಂಕ್ ಸೈಕಲ್ (ಕಸ ಅರಗಿಸುವ ಬ್ಯಾಕ್ಟೀರಿಯಾ ನೆಲೆಗೊಳ್ಳುವ ಆರಂಭದ ಹಂತ) ಮುಗಿಸಿದ ಕೆಲವೇ ವಾರಗಳಲ್ಲಿ ಮರಳು, ಗಾಜು, ಬಂಡೆಗಳ ಮೇಲೆ ಕಂದು ಧೂಳಿನಂತೆ ಕೂರುವುದು ಡಯಾಟಮ್. ಬೆರಳು ತಾಗಿಸಿದರೆ ಎದ್ದು ಹೋಗುತ್ತದೆ. ಇದಕ್ಕೆ ಬೇಕಾದ ಸಿಲಿಕೇಟ್ ಹೊಸ ಮರಳಿನಿಂದ, ಹೊಸ ಬಂಡೆಯಿಂದ, ಸರಿಯಾಗಿ ಶೋಧಿಸದ ನೀರಿನಿಂದ ಬರುತ್ತದೆ. ಸಿಲಿಕೇಟ್ ಖರ್ಚಾದಂತೆ ತಾನೇ ಕಡಿಮೆಯಾಗುತ್ತದೆ. ಇದಕ್ಕಾಗಿ ರಿಯಾಕ್ಟರ್ ಕೊಳ್ಳುವುದು ದುಂದು. ಎರಡು ತಿಂಗಳಾದರೂ ಹೋಗದಿದ್ದರೆ ಅನುಮಾನ ಪಡಬೇಕಾದದ್ದು ನೀರು ಶೋಧಿಸುವ ಆರ್‌ಒ ಯಂತ್ರದ ಡಿಐ ರೆಸಿನ್ (ಉಳಿದ ಲವಣ ಹಿಡಿಯುವ ಕೊನೆಯ ಹಂತದ ಹರಳು) ಮೇಲೆ. ರೆಸಿನ್ ಮುಗಿಯುತ್ತ ಬಂದಾಗ ಮೊದಲು ಕೈಬಿಡುವುದು ಸಿಲಿಕಾವನ್ನೇ, ಯಾಕೆಂದರೆ ಅದನ್ನು ರೆಸಿನ್ ಹಿಡಿದುಕೊಳ್ಳುವುದು ಬಹಳ ಸಡಿಲವಾಗಿ. ಸಿಲಿಕಾ ಸೋರಲು ಶುರುವಾದಾಗಲೂ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ 0 ಎಂದೇ ತೋರಿಸುತ್ತಿರಬಹುದು. ಬಣ್ಣ ಬದಲಾಗುವ ರೆಸಿನ್ ಆದರೆ ಮುಕ್ಕಾಲು ಭಾಗ ಬಣ್ಣ ತಿರುಗುವಷ್ಟರಲ್ಲಿ ಬದಲಾಯಿಸಿ, ಮೀಟರ್ 1 ಅಥವಾ 2 ತೋರಿಸಲಿ ಎಂದು ಕಾಯಬೇಡಿ.

ಹಸಿರು ಕೂದಲು ಪಾಚಿ ಎರಡನೆಯದು. ಬಂಡೆಗೆ ಬೇರೂರಿದಂತೆ ಹಿಡಿದು, ಹರಿವಿಗೆ ಬಳುಕುತ್ತದೆ. ಜಿಎಫ್‌ಒ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ. ಆದರೂ ಒಂದು ಗೊಂದಲ ತಪ್ಪದು: ಟ್ಯಾಂಕಿನ ತುಂಬ ಕೂದಲು ಪಾಚಿ, ಫಾಸ್ಫೇಟ್ ಮೀಟರ್ ಮಾತ್ರ 0.02 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಎನ್ನುತ್ತದೆ. ಬರುವ ಫಾಸ್ಫೇಟನ್ನೆಲ್ಲ ಪಾಚಿಯೇ ತಿನ್ನುತ್ತಿರುವಾಗ ನೀರಿನಲ್ಲಿ ಉಳಿಯುವುದು ಅಷ್ಟೇ. ಇಂಥ ಸ್ಥಿತಿಯಲ್ಲಿ ಮೊದಲು ಕೈಯಿಂದ ಕಿತ್ತು ತೆಗೆಯಬೇಕು, ಒಂದೆರಡು ವಾರ ಬಿಟ್ಟು ಮತ್ತೆ ಅಳೆಯಬೇಕು. ಆಗ ಬರುವ ಅಂಕಿ ನಂಬಿಕೆಗೆ ಅರ್ಹ.

ಮೂರನೆಯದು ಸಯನೋ, ಅಂದರೆ ಸಯನೋಬ್ಯಾಕ್ಟೀರಿಯಾ. ನೇರಳೆ ಮಿಶ್ರಿತ ಕೆಂಪು ಪದರ, ಹರಿವು ಕಡಿಮೆ ಇರುವ ಮೂಲೆಗಳಲ್ಲಿ ಹಾಸಿದಂತೆ ಬೆಳೆಯುತ್ತದೆ, ಸೈಫನ್ ಹಿಡಿದರೆ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ. ಇದು ಪಾಚಿಯಲ್ಲ, ಬ್ಯಾಕ್ಟೀರಿಯಾ. ನೀರಿನ ಫಾಸ್ಫೇಟ್ ಇಳಿಸಿದ ಮಾತ್ರಕ್ಕೆ ಹೋಗುವುದಿಲ್ಲ, ಅಡಿಯಲ್ಲಿ ಕೊಳೆಯುತ್ತಿರುವ ಕಸದಿಂದಲೇ ಅದಕ್ಕೆ ಬೇಕಾದದ್ದು ಸಿಗುತ್ತಿರುತ್ತದೆ. ಪಂಪಿನ ದಿಕ್ಕು ಬದಲಿಸಿ ಆ ಮೂಲೆಗೆ ಹರಿವು ಕೊಡಿ, ಮರಳನ್ನು ಸೈಫನ್ ಮಾಡಿ. ಡಬ್ಬಿಗಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

ನಾಲ್ಕನೆಯದು ಡೈನೋಫ್ಲಾಜೆಲೇಟ್, ಹವ್ಯಾಸಿಗಳ ಬಾಯಲ್ಲಿ ಡೈನೋ. ಕಂದು ಲೋಳೆ ಎಳೆ, ಎಳೆಗಳ ತುದಿಯಲ್ಲಿ ಗುಳ್ಳೆ. ಹಗಲು ಹೆಚ್ಚುತ್ತದೆ, ರಾತ್ರಿ ಬಹುಪಾಲು ಮಾಯ, ಬೆಳಿಗ್ಗೆ ದೀಪ ಹತ್ತಿದ ಕೆಲ ಗಂಟೆಗಳಲ್ಲಿ ಮತ್ತೆ ಹಾಜರು. ಬಸವನಹುಳುಗಳು ಕಾರಣವಿಲ್ಲದೆ ಸಾಯತೊಡಗಿದರೆ ಅದೂ ಒಂದು ಸುಳಿವು, ಇವುಗಳಲ್ಲಿ ಕೆಲವು ವಿಷಕಾರಿ. ಡೈನೋ ಮೇಲುಗೈ ಪಡೆಯುವುದು ಹೆಚ್ಚಾಗಿ ನೈಟ್ರೇಟ್ ಮತ್ತು ಫಾಸ್ಫೇಟ್ ಎರಡೂ ಸೊನ್ನೆಗೆ ಇಳಿದಾಗ. ಉಳಿದ ಪಾಚಿ, ಬ್ಯಾಕ್ಟೀರಿಯಾಗಳು ಹಸಿವಿನಿಂದ ಹಿಂದೆ ಸರಿದಾಗ ಜಾಗ ಇದರದ್ದಾಗುತ್ತದೆ. ಇದನ್ನು ಡಯಾಟಮ್ ಅಂದುಕೊಂಡು ಜಿಎಫ್‌ಒ ಹಾಕಿದರೆ ಬೆಂಕಿಗೆ ತುಪ್ಪ ಸುರಿದಂತೆ.

ಡಯಾಟಮೋ ಡೈನೋವೋ ಗೊತ್ತಾಗದಿದ್ದರೆ ಒಂದು ಸರಳ ಪರೀಕ್ಷೆ ಇದೆ. ಲೋಳೆಯನ್ನು ಟ್ಯಾಂಕಿನ ನೀರಿನ ಸಮೇತ ಒಂದು ಸಣ್ಣ ಸೀಸೆಯಲ್ಲಿ ಹಿಡಿದು ಚೆನ್ನಾಗಿ ಕುಲುಕಿ, ಕಾಫಿ ಶೋಧಿಸುವ ಕಾಗದದಲ್ಲಿ ಸೋಸಿ. ಸೋಸಿದ ನೀರನ್ನು ದೀಪದ ಕೆಳಗೆ ಒಂದು ಗಂಟೆ ಇಡಿ. ಮತ್ತೆ ಎಳೆ ಎಳೆಯಾಗಿ ಒಟ್ಟುಗೂಡಿದರೆ ಡೈನೋ ಇರುವ ಸಾಧ್ಯತೆ ಹೆಚ್ಚು. ಖಚಿತವಾಗಬೇಕಿದ್ದರೆ 400 ಪಟ್ಟು ತೋರಿಸುವ ಸೂಕ್ಷ್ಮದರ್ಶಕ ಬೇಕು. ಅಗ್ಗದ್ದೂ ನಡೆಯುತ್ತದೆ. ಈ ಹವ್ಯಾಸದಲ್ಲಿ ಹಾಕಿದ ಹಣ ಪೂರ್ತಿ ವಸೂಲಾಗುವ ಕೆಲವೇ ಸಾಮಾನುಗಳಲ್ಲಿ ಅದೂ ಒಂದು. ಆಸ್ಟ್ರಿಯಾಪ್ಸಿಸ್ ಜಾತಿಯ ಡೈನೋ ರಾತ್ರಿ ನೀರಿಗೆ ಇಳಿಯುವುದರಿಂದ ಯುವಿ ದೀಪಕ್ಕೆ ಸಿಕ್ಕಿಬೀಳುತ್ತದೆ. ದೊಡ್ಡ ಆಂಫಿಡಿನಿಯಂ ಮರಳು ಬಿಟ್ಟು ಏಳುವುದಿಲ್ಲ, ಅದಕ್ಕೆ ಯುವಿ ಕೊಂಡರೆ ವ್ಯರ್ಥ. ಎರಡಕ್ಕೂ ಮೊದಲ ಮದ್ದು ಒಂದೇ: ಜಿಎಫ್‌ಒ ತೆಗೆದು, ನೈಟ್ರೇಟನ್ನು 5ರಿಂದ 10 ಪಿಪಿಎಂಗೂ ಫಾಸ್ಫೇಟನ್ನು 0.1 ಪಿಪಿಎಂ ಆಸುಪಾಸಿಗೂ ಏರಿಸುವುದು.

ಮೀಟರ್ ಇಲ್ಲದೆ ಜಿಎಫ್‌ಒ ಬೇಡ

ಬಣ್ಣ ಹೋಲಿಸಿ ನೋಡುವ ಕಿಟ್‌ಗಳು ಇಲ್ಲಿ ಸಾಲವು. ಹೊಸ ಟ್ಯಾಂಕಿಗೆ ಒಪ್ಪುವ ಫಾಸ್ಫೇಟ್ 0.03ರಿಂದ 0.1 ಪಿಪಿಎಂ. ಆ ಮಟ್ಟದಲ್ಲಿ ತೆಳು ನೀಲಿಗೂ ಇನ್ನೂ ತೆಳು ನೀಲಿಗೂ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಹಾನ್ನಾ ಕಂಪನಿಯ ಕೈ ಮೀಟರ್‌ಗಳಲ್ಲಿ ಮೂರು ಇದಕ್ಕೆ ಬಳಕೆಯಲ್ಲಿವೆ. ಎಚ್‌ಐ 713ರ ನಿಖರತೆ ±0.04 ಪಿಪಿಎಂ, ನಮಗೆ ಬೇಕಾದ ಮಟ್ಟಕ್ಕೆ ಅದು ಒರಟಾಯಿತು. ಎಚ್‌ಐ 774 ನೇರವಾಗಿ 0.90 ಪಿಪಿಎಂವರೆಗಿನ ಫಾಸ್ಫೇಟ್ ತೋರಿಸುತ್ತದೆ, ನಿಖರತೆ ±0.02. ಎಚ್‌ಐ 736 ತೋರಿಸುವುದು ಫಾಸ್ಫೇಟ್ ಅಲ್ಲ, ರಂಜಕ, ಅದೂ ಪಿಪಿಎಂನ ಸಾವಿರದ ಒಂದು ಭಾಗವಾದ ಪಿಪಿಬಿಯಲ್ಲಿ. ಬಂದ ಅಂಕಿಯನ್ನು 3.066ರಿಂದ ಗುಣಿಸಿ 1000ದಿಂದ ಭಾಗಿಸಿದರೆ ಫಾಸ್ಫೇಟ್ ಪಿಪಿಎಂ. 20 ಬಂದರೆ 0.06. ಲೆಕ್ಕದ ತಲೆನೋವು ಬೇಡದವರಿಗೆ 774 ಸಾಕು.

ಅಳೆಯುವಾಗ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಗಾಜಿನ ಸೀಸೆಯಲ್ಲೇ ಹುಟ್ಟುವಂಥವು. ಹೊರಗೆ ಬೆರಳ ಗುರುತು, ಒಳಗೆ ಗಾಜಿಗೆ ಅಂಟಿದ ಗಾಳಿಗುಳ್ಳೆ, ತಳದಲ್ಲಿ ಕರಗದೆ ಉಳಿದ ಪುಡಿ, ಇವು ಯಾವುದಿದ್ದರೂ ಅಂಕಿ ಕೆಡುತ್ತದೆ. 10 ಮಿ.ಲೀ. ಗೆರೆಗೆ ಸರಿಯಾಗಿ ತುಂಬಿ, ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಪುಡಿ ಹಾಕದ ನೀರಿನ ಓದು ಮುಗಿಸಿ, ಪುಡಿ ಹಾಕಿ ಎರಡು ನಿಮಿಷ ಮೆಲ್ಲಗೆ ಕುಲುಕಿ, ಗುಂಡಿಯನ್ನು ಒತ್ತಿ ಹಿಡಿದು ಮೂರು ನಿಮಿಷದ ಎಣಿಕೆ ಮುಗಿಯುವವರೆಗೆ ಬಿಡಿ. ಪುಡಿಯ ಪೊಟ್ಟಣವನ್ನು ಮೊದಲೇ ಕತ್ತರಿಸಿ ಇಟ್ಟುಕೊಳ್ಳುವುದು ಒಳ್ಳೆಯದು, ತಡವರಿಸುತ್ತಿದ್ದರೆ ನಡುವೆ ಮೀಟರ್ ಆರಿಹೋಗುತ್ತದೆ. ಸೀಸೆಯ ಗುರುತು ಎರಡೂ ಸಲ ಒಂದೇ ದಿಕ್ಕಿಗಿರಲಿ. ±0.02 ಎಂಬುದನ್ನೂ ಮರೆಯಬೇಡಿ: ನಿನ್ನೆ 0.04, ಇವತ್ತು 0.06 ಬಂದರೆ ಏನೂ ಬದಲಾಗಿಲ್ಲ ಎಂದೇ ಅರ್ಥ. ಒಂದು ಓದಿನ ಮೇಲೆ ಯಾವ ತೀರ್ಮಾನಕ್ಕೂ ಬರಬೇಡಿ.

ಇಳಿದ ಫಾಸ್ಫೇಟ್ ಮತ್ತೆ ಏರುವುದೇಕೆ

ಜಿಎಫ್‌ಒ ಬಗ್ಗೆ ಬರುವ ದೂರುಗಳಲ್ಲಿ ಮೊದಲನೆಯದು ಇದು: ಮೊದಲ ಎರಡು ದಿನ ಇಳಿಯಿತು, ನಾಲ್ಕನೇ ದಿನ ಮತ್ತೆ ಅಲ್ಲಿಗೇ ಬಂತು, ಡಬ್ಬಿ ನಕಲಿಯೇ ಇರಬೇಕು. ಡಬ್ಬಿಯ ತಪ್ಪಲ್ಲ. ಬಂಡೆ ಮತ್ತು ಹವಳದ ಮರಳು ಕ್ಯಾಲ್ಸಿಯಂ ಕಾರ್ಬೊನೇಟ್. ಅದರ ಮೇಲ್ಮೈಗೂ ಫಾಸ್ಫೇಟ್ ಅಂಟುತ್ತದೆ. ನೀರಿನಲ್ಲಿ ಫಾಸ್ಫೇಟ್ ಇಳಿದೊಡನೆ ಬಂಡೆ ತನ್ನಲ್ಲಿರುವುದನ್ನು ಬಿಟ್ಟುಕೊಡುತ್ತದೆ. ಹಿಂದೆ ಇನ್ನೊಂದು ಟ್ಯಾಂಕಿನಲ್ಲಿದ್ದು ಒಣಗಿಸಿದ ಬಂಡೆಯಾದರೆ ಅದರ ಮೇಲೆ ಸತ್ತು ಒಣಗಿದ ಜೀವಿಗಳೂ ಇರುತ್ತವೆ, ಅವು ಕೊಳೆಯುತ್ತ ಇನ್ನಷ್ಟು ಸೇರಿಸುತ್ತವೆ.

ಲೆಕ್ಕ ಹಾಕಿ ನೋಡಿ. 200 ಲೀಟರ್ ನೀರಿನಲ್ಲಿ 0.2 ಪಿಪಿಎಂ ಅಂದರೆ ಒಟ್ಟು 40 ಮಿಲಿಗ್ರಾಂ ಫಾಸ್ಫೇಟ್. ಶೇ 10ರಷ್ಟು ನೀರು ಬದಲಿಸಿದರೆ ಹೊರಗೆ ಹೋಗುವುದು 4 ಮಿಲಿಗ್ರಾಂ. ಮೀನಿನ ಒಣ ಆಹಾರದಲ್ಲಿ ರಂಜಕ ಶೇ 1ರ ಆಸುಪಾಸು ಇರುತ್ತದೆ. ಒಂದು ಗ್ರಾಂ ಆಹಾರ ಪೂರ್ತಿ ಕರಗಿದರೆ ಸುಮಾರು 30 ಮಿಲಿಗ್ರಾಂ ಫಾಸ್ಫೇಟ್. ಅಂದರೆ ಒಂದು ಗ್ರಾಂ ಹೆಚ್ಚು ತಿನ್ನಿಸಿದ್ದನ್ನು ಏಳು ಸಲ ನೀರು ಬದಲಿಸಿಯೂ ತೆಗೆಯಲಾಗುವುದಿಲ್ಲ. ನೀರು ಬದಲಿಸಿ ಬದಲಿಸಿ ಸುಸ್ತಾದರೂ ಕೂದಲು ಪಾಚಿ ಕದಲದಿರುವುದು ಇದೇ ಕಾರಣಕ್ಕೆ. ಜಿಎಫ್‌ಒ ಇಲ್ಲಿ ಬೆಲೆ ಬಾಳುತ್ತದೆ, ಆದರೆ ಬಂಡೆ ಖಾಲಿಯಾಗುವವರೆಗೆ ಎರಡು ಮೂರು ಸಲ ಹರಳು ಬದಲಿಸಬೇಕಾಗುತ್ತದೆ ಎಂದು ತಿಳಿದೇ ಕೊಳ್ಳಬೇಕು.

ಜೋಡಿಸುವುದು ಮತ್ತು ಅಳತೆ

ನಮ್ಮ ಅಳತೆಗೋಲು ಹೀಗಿದೆ. ಪಾಚಿ ಕೂದಲು ಪಾಚಿಯೇ ಆಗಿದ್ದು, ಒಂದು ವಾರದ ಅಂತರದಲ್ಲಿ ತೆಗೆದ ಎರಡು ಓದುಗಳೂ 0.15 ಪಿಪಿಎಂ ದಾಟಿದ್ದರೆ ಹಾಕಿ. ಅದಕ್ಕಿಂತ ಕಡಿಮೆ ಇದ್ದರೆ ಡಬ್ಬಿ ಕಪಾಟಿನಲ್ಲೇ ಇರಲಿ.

ಡಬ್ಬಿಯ ಮೇಲೆ ಬರೆದ ಅಳತೆಯ ಕಾಲು ಭಾಗದಿಂದ ಶುರು ಮಾಡಿ. ನಿಮ್ಮ ಟ್ಯಾಂಕಿಗೆ 200 ಮಿ.ಲೀ. ಎಂದು ಬರೆದಿದ್ದರೆ 50 ಮಿ.ಲೀ. ಸಾಕು. ಪೂರ್ತಿ ಅಳತೆ ಹಾಕಿದರೆ ಒಂದೆರಡು ದಿನದಲ್ಲೇ ಫಾಸ್ಫೇಟ್ ಕುಸಿಯುತ್ತದೆ. ಹವಳಗಳಿಗೆ, ಅದರಲ್ಲೂ ಎಸ್‌ಪಿಎಸ್ (ಸಣ್ಣ ಪಾಲಿಪ್‌ನ ಗಟ್ಟಿ) ಹವಳಗಳಿಗೆ, ಆ ಕುಸಿತ ತಡೆಯುವುದಿಲ್ಲ. ಬಣ್ಣ ಬಿಳಿಚುತ್ತವೆ, ಬುಡದಿಂದ ಚರ್ಮ ಕಳಚಿಕೊಳ್ಳುತ್ತದೆ. ವಾರಕ್ಕೆ 0.05 ಪಿಪಿಎಂನಷ್ಟು ಇಳಿದರೆ ಸಾಕು.

ಹರಳನ್ನು ತೊಳೆಯದೆ ಹಾಕಬಾರದು. ರಿಯಾಕ್ಟರ್‌ಗೆ ತುಂಬಿ, ಹೊರಬರುವ ಕೊಳವೆಯನ್ನು ಬಕೆಟ್‌ಗೆ ಬಿಟ್ಟು, ಆರ್‌ಒ ನೀರನ್ನೋ ಬದಲಿಸಿ ತೆಗೆದ ಟ್ಯಾಂಕ್ ನೀರನ್ನೋ ಹಾಯಿಸಿ. ತುಕ್ಕಿನ ಬಣ್ಣದ ನೀರು ತಿಳಿಯಾಗುವವರೆಗೆ ಹರಿಯಬೇಕು. ಈ ಹೆಜ್ಜೆ ಬಿಟ್ಟರೆ ಕಂದು ಧೂಳು ಟ್ಯಾಂಕಿನ ತುಂಬ ಹರಡಿ ಬಂಡೆಯ ಮೇಲೆ ಕೂರುತ್ತದೆ, ಅದನ್ನು ಡಯಾಟಮ್ ಎಂದು ಭಾವಿಸಿ ಇನ್ನಷ್ಟು ಜಿಎಫ್‌ಒ ಹಾಕುವವರೂ ಉಂಟು.

ನೀರು ಕೆಳಗಿನಿಂದ ಮೇಲಕ್ಕೆ ಏರಬೇಕು. ಹರಳಿನ ಕೆಳಗೂ ಮೇಲೂ ಸ್ಪಂಜು ಬರುತ್ತದೆ, ಎರಡೂ ಇರಲಿ; ಹರಳಿಗೂ ಮೇಲಿನ ಸ್ಪಂಜಿಗೂ ನಡುವೆ ಕೆಲವು ಬೆರಳಷ್ಟು ಜಾಗ ಬಿಡಿ. ಕವಾಟವನ್ನು ಮೆಲ್ಲಗೆ ತೆರೆಯುತ್ತ ಹೋಗಿ, ಮೇಲ್ಪದರದ ಹರಳು ಮಾತ್ರ ಅಲುಗಾಡುವ ಹಂತಕ್ಕೆ ನಿಲ್ಲಿಸಿ. ಚಿಕ್ಕ ರಿಯಾಕ್ಟರ್‌ಗಳಲ್ಲಿ ಇದು ಗಂಟೆಗೆ 80ರಿಂದ 120 ಲೀಟರ್ ಸುತ್ತಮುತ್ತ ಆಗುತ್ತದೆ. ಇದಕ್ಕೆಂದು ಕೊಡುವ ಪುಟ್ಟ ಪಂಪುಗಳು ಸಾಮಾನ್ಯವಾಗಿ ಅಗತ್ಯಕ್ಕಿಂತ ಜೋರು, ಕವಾಟವಿಲ್ಲದ ರಿಯಾಕ್ಟರ್ ಕೊಳ್ಳಬೇಡಿ. ನೀರು ಎಳೆಯುವ ಜಾಗ ಸ್ಕಿಮ್ಮರ್ (ನೊರೆಯಿಂದ ಕಸ ತೆಗೆಯುವ ಯಂತ್ರ) ಆದ ಮೇಲಿನ ಕೋಣೆಯಲ್ಲಿರಲಿ, ಕಸ ಕಡಿಮೆ ಸಿಗುತ್ತದೆ. ಜಾಲಿ ಚೀಲದಲ್ಲಿ ಕಟ್ಟಿ ಸಂಪಿನಲ್ಲಿ, ಅಂದರೆ ಟ್ಯಾಂಕಿನ ಕೆಳಗಿನ ಶೋಧಕ ತೊಟ್ಟಿಯಲ್ಲಿ, ಇಳಿಬಿಟ್ಟರೂ ಕೆಲಸವಾಗುತ್ತದೆ, ಆದರೆ ನೀರು ಚೀಲದ ಅಂಚಿನಲ್ಲಿ ದಾರಿ ಮಾಡಿಕೊಂಡು ನಡುವಿನ ಹರಳು ಹಾಗೇ ಉಳಿದುಬಿಡುತ್ತದೆ. ನೀರು ಶೋಧಿಸುವ ಇಂಗಾಲವನ್ನೂ ಇದನ್ನೂ ಒಂದೇ ಕೊಳವೆಯಲ್ಲಿ ಬೆರೆಸುವ ರೂಢಿ ಇದೆ. ಎರಡಕ್ಕೂ ಬೇಕಾದ ಹರಿವು ಬೇರೆ, ಬದಲಿಸುವ ಅವಧಿಯೂ ಬೇರೆ, ಹಾಗಾಗಿ ಆ ಉಳಿತಾಯ ಲಾಭದ್ದಲ್ಲ.

ಹರಳು ಮುಗಿಯಿತೇ ಎಂದು ತಿಳಿಯಲು ಕ್ಯಾಲೆಂಡರ್ ನೋಡುವುದಕ್ಕಿಂತ ರಿಯಾಕ್ಟರಿನಿಂದ ಹೊರಬರುವ ನೀರನ್ನೇ ಅಳೆಯಿರಿ. ಟ್ಯಾಂಕಿನ ಓದೂ ಹೊರಬರುವ ನೀರಿನ ಓದೂ ಒಂದೇ ಆದರೆ ಹರಳಿನ ಕತೆ ಮುಗಿಯಿತು. ಹೊಸ ಟ್ಯಾಂಕಿನಲ್ಲಿ, ಬಂಡೆ ಇನ್ನೂ ಬಿಡುತ್ತಿರುವಾಗ, ಮೊದಲ ತುಂಬು ಎರಡು ವಾರದೊಳಗೇ ಮುಗಿಯಬಹುದು. ಫಾಸ್ಫೇಟ್ 0.05 ಮುಟ್ಟಿದ ದಿನ ರಿಯಾಕ್ಟರ್ ನಿಲ್ಲಿಸಿ. ಪಂಪ್ ಮಾತ್ರ ಆರಿಸಿ ಹರಳನ್ನು ಹಾಗೇ ಬಿಟ್ಟರೆ ಒಳಗಿನ ನೀರು ಆಮ್ಲಜನಕವಿಲ್ಲದೆ ಕೊಳೆಯುತ್ತದೆ, ಬಿಚ್ಚಿ ಖಾಲಿ ಮಾಡಿ.

ಇನ್ನೊಂದು ಅಡ್ಡ ಪರಿಣಾಮ ಗಟ್ಟಿಯಾಗುವುದು. ಹೊಸ ಹರಳಿನ ಮೇಲ್ಮೈಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಕೂತು ಹರಳುಗಳು ಒಂದಕ್ಕೊಂದು ಅಂಟಿ ಕಲ್ಲಾಗುತ್ತವೆ. ಆಲ್ಕಲಿನಿಟಿಯೂ (ನೀರಿನ ಕಾರ್ಬೊನೇಟ್ ಪ್ರಮಾಣ) ಸ್ವಲ್ಪ ಇಳಿಯುತ್ತದೆ. ಹರಿವು ತೀರಾ ಕಡಿಮೆ ಇದ್ದರೆ, ಆಲ್ಕಲಿನಿಟಿ ಎತ್ತರದಲ್ಲಿದ್ದರೆ ಇದು ಬೇಗ. ಮೊದಲ ವಾರ ಎರಡು ದಿನಕ್ಕೊಮ್ಮೆ ಆಲ್ಕಲಿನಿಟಿ ಅಳೆಯಿರಿ, ರಿಯಾಕ್ಟರನ್ನು ಆಗಾಗ ಕೈಯಿಂದ ಅಲುಗಿಸಿ.

ಹರಳು ಒಂದು ಕಡೆ ದುಡಿಯುತ್ತಿರುವಾಗ ಕೈಕೆಲಸ ನಿಲ್ಲಬಾರದು. ಪಂಪ್ ಆರಿಸಿ, ಹಲ್ಲುಜ್ಜುವ ಗಟ್ಟಿ ಬ್ರಷ್‌ನಿಂದ ಬಂಡೆ ಉಜ್ಜುತ್ತ, ಪಕ್ಕದಲ್ಲೇ ಸೈಫನ್ ಕೊಳವೆ ಹಿಡಿದು ಕಿತ್ತ ಪಾಚಿಯನ್ನು ಫಿಲ್ಟರ್ ಸಾಕ್ಸ್ (ಶೋಧಿಸುವ ಬಟ್ಟೆ ಚೀಲ) ಒಳಗೆ ಬಿಡಿ. ಸೋಸಿದ ನೀರನ್ನು ಮರಳಿ ಸುರಿಯಬಹುದು. ಕಿತ್ತದ್ದು ಟ್ಯಾಂಕಿನಲ್ಲೇ ತೇಲಿದರೆ ಚೂರು ಚೂರಾಗಿ ಬೇರೆಡೆ ಬೇರೂರುತ್ತದೆ. ದೀಪ ದಿನಕ್ಕೆ ಆರೇಳು ಗಂಟೆ ಸಾಕು, ಬಿಳಿ ಮತ್ತು ಕೆಂಪು ಚಾನೆಲ್‌ಗಳನ್ನು ತಗ್ಗಿಸಿ. ಬಸವನಹುಳುಗಳಲ್ಲಿ ಟ್ರೋಕಸ್ ಮೊದಲ ಆಯ್ಕೆ, ಮಗುಚಿ ಬಿದ್ದರೆ ತಾನೇ ಎದ್ದುಕೊಳ್ಳುತ್ತದೆ. ಆಸ್ಟ್ರಿಯಾ ಹುಳುವಿಗೆ ಅದು ಆಗದು, ಮರಳಿನ ಮೇಲೆ ಅಂಗಾತ ಬಿದ್ದಲ್ಲೇ ಸಾಯುತ್ತದೆ. ಟರ್ಬೊ ಹೊಟ್ಟೆಬಾಕ, ಆದರೆ ಅಂಟಿಸದ ಹವಳಗಳನ್ನೆಲ್ಲ ಉರುಳಿಸಿಕೊಂಡು ಹೋಗುತ್ತದೆ. ನಸ್ಸೇರಿಯಸ್ ಪಾಚಿ ತಿನ್ನುವುದೇ ಇಲ್ಲ. ಪಾಚಿ ತಿನ್ನುವ ಹುಳುಗಳನ್ನು 20 ಲೀಟರಿಗೆ ಒಂದರಂತೆ ಶುರು ಮಾಡಿ. ಯಾವ ಹುಳುವೂ ಉದ್ದ ಬೆಳೆದ ಪಾಚಿಯನ್ನು ಇಷ್ಟಪಡದು, ಮೊದಲು ನೀವು ಗಿಡ್ಡ ಮಾಡಿಕೊಡಬೇಕು.

ಪಕ್ಕದ ಕಪಾಟಿನಲ್ಲಿರುವವು

ಸೀಕೆಮ್‌ನ ಫಾಸ್‌ಗಾರ್ಡ್ ಅಲ್ಯೂಮಿನಿಯಂ ಆಕ್ಸೈಡಿನ ಬಿಳಿ ಗುಂಡು. ಜಾಲಿ ಚೀಲದಲ್ಲೇ ನಡೆಯುತ್ತದೆ, ಸಿಲಿಕೇಟನ್ನೂ ಚೆನ್ನಾಗಿ ಹಿಡಿಯುತ್ತದೆ. ರಿಯಾಕ್ಟರ್ ಜೋಡಿಸಲು ಜಾಗವಿಲ್ಲದ ಚಿಕ್ಕ ಟ್ಯಾಂಕಿಗೆ ಇದೇ ಸರಿ. ಲೆದರ್ ಹವಳ ಇರುವಲ್ಲಿ ಸ್ವಲ್ಪವೇ ಹಾಕಿ ಕಾಯಿರಿ, ಕೆಲವೊಮ್ಮೆ ಅವು ಮುದುಡಿಕೊಳ್ಳುತ್ತವೆ. ಲ್ಯಾಂಥನಮ್ ಕ್ಲೋರೈಡ್ ದ್ರವ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ವೇಗ, ಹಾಗಾಗಿಯೇ ಹೊಸಬರಿಗೆ ಸಲ್ಲದು: 5 ಅಥವಾ 10 ಮೈಕ್ರಾನ್ ಸಾಕ್ಸ್ ಒಳಗೆ ಹನಿ ಹನಿಯಾಗಿ ಬಿಡದಿದ್ದರೆ ಬಿಳಿ ಗಸಿ ಟ್ಯಾಂಕಿಗೆ ಹರಡುತ್ತದೆ, ಟ್ಯಾಂಗ್ ಮೀನುಗಳಿಗೆ ಅಪಾಯ.

ಕೆಮಿಕ್ಲೀನ್ ಸಯನೋಗೆ ಕೆಲಸ ಮಾಡುತ್ತದೆ. ಪ್ರತಿ 38 ಲೀಟರಿಗೆ ಒಂದು ಚಮಚ, ಅದೂ ಡಬ್ಬಿಯಲ್ಲಿ ಕೊಟ್ಟ ಚಮಚ. 48 ಗಂಟೆ ಬಿಟ್ಟು ಶೇ 20ರಷ್ಟು ನೀರು ಬದಲಿಸಬೇಕು. ಅಷ್ಟೂ ಹೊತ್ತು ಗಾಳಿಕಲ್ಲು ಓಡುತ್ತಿರಲೇಬೇಕು, ಆಮ್ಲಜನಕ ಇಳಿದರೆ ಮೊದಲು ಹೋಗುವುದು ಮೀನು. ಆಮೇಲೆ ಕೆಲವು ದಿನ ಸ್ಕಿಮ್ಮರ್ ನೊರೆಯುಕ್ಕಿ ಹರಿಯುತ್ತದೆ. ಮೂಲ ಕಾರಣ ಸರಿಪಡಿಸದಿದ್ದರೆ ಸಯನೋ ಮರಳಿ ಬರುತ್ತದೆ. ಬ್ರಯಾಪ್ಸಿಸ್ ಎಂಬ ಗರಿಯಂಥ ಹಸಿರು ಪಾಚಿ ಹಿಡಿದಿದ್ದರೆ ಮಾತ್ರ ಕತೆ ಬೇರೆ. ಅದಕ್ಕೆ ಜಿಎಫ್‌ಒ, ಹುಳು ಯಾವುದೂ ಸಾಲದು. ಬೇಕಾದದ್ದು ರೀಫ್ ಫ್ಲಕ್ಸ್ ಹೆಸರಿನಲ್ಲಿ ಬರುವ ಫ್ಲುಕೊನಜೋಲ್ ಎಂಬ ಶಿಲೀಂಧ್ರನಾಶಕ ಮದ್ದು, ಲೀಟರಿಗೆ ಸುಮಾರು 5 ಮಿಲಿಗ್ರಾಂ, ಎರಡರಿಂದ ಮೂರು ವಾರ. ಇಂಗಾಲ ಮತ್ತು ಜಿಎಫ್‌ಒ ಎರಡನ್ನೂ ಆ ಅವಧಿಗೆ ಹೊರಗಿಡಬೇಕು. ಸತ್ತ ಪಾಚಿಯಿಂದ ಫಾಸ್ಫೇಟ್ ಏರುವುದು ಎರಡನೇ ವಾರದ ಹೊತ್ತಿಗೆ ಮೀಟರ್‌ನಲ್ಲಿ ಕಾಣುತ್ತದೆ. ಮದ್ದಿನ ಅವಧಿ ಮುಗಿದು ನೀರು ಬದಲಿಸಿದ ಮೇಲೆ ಕಾಲು ಅಳತೆ ಜಿಎಫ್‌ಒ ಹಾಕಲು ಅದು ಸರಿಯಾದ ಸಮಯ.

ಬಳಸಿದ ಹರಳನ್ನು ತೊಳೆದು ಮತ್ತೆ ಹಾಕಿ ಪ್ರಯೋಜನವಿಲ್ಲ, ಅಂಟಿದ ಫಾಸ್ಫೇಟ್ ನೀರಿಗೆ ಬಿಡುವುದಿಲ್ಲ. ಮೋರಿಗೆ ಸುರಿಯದೆ ಒಣಗಿಸಿ ಕಸಕ್ಕೆ ಹಾಕಿ, ಕೊಳವೆಯಲ್ಲಿ ಗಟ್ಟಿಯಾಗಿ ಕೂರುತ್ತದೆ. ತೆರೆದ ಡಬ್ಬಿಯ ಒಣ ಹರಳನ್ನು ಗಾಳಿಯಾಡದ ಮುಚ್ಚಳ ಬಿಗಿದು ಇಟ್ಟರೆ ಬಹುಕಾಲ ಕೆಡುವುದಿಲ್ಲ, ಆದ್ದರಿಂದ ಬೇಗ ಮುಗಿಸಬೇಕೆಂಬ ಆತುರದಲ್ಲಿ ಅಳತೆ ಮೀರಿ ಹಾಕುವ ಅಗತ್ಯವೇ ಇಲ್ಲ.